ಸಂಸೆಯ ಬರ್ಮಿಂಗ್‌ಹ್ಯಾಮ್

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ದಿಲೀಪನ ಬಾಯಿಂದ ನೊರೆಯ ಜೊತೆಗೆ ಆ ಊರಿನ ಹೆಸರೂ ಹೊರಬಿತ್ತು. ಬರ್ಮಿಂಗ್‌ಹ್ಯಾಮ್. ಅವನು ಇಂಗ್ಲೆಂಡಿನ ಆ ಊರು ಕಂಡವನಲ್ಲ. ಅಲ್ಲಿ ಚಳಿ ಎಷ್ಟು, ಜನ ಬೆಳಿಗ್ಗೆ ಏನು ತಿನ್ನುತ್ತಾರೆ, ಒಂದೂ ಗೊತ್ತಿಲ್ಲ. ಆದರೂ ಮಲ್ಲಂದೂರಿನಿಂದ ಮೂಡಿಗೆರೆಯವರೆಗೆ, ಆಚೆ ಕಳಸದವರೆಗೆ, ಯಾರ ಮನೆಯ ಬೀರುವಿನಲ್ಲಿ ಹಳೇ ಬೆಳ್ಳಿಯ ಕೋಟುಗುಂಡಿ, ಟೈ ಪಿನ್ನು, ಸೊಂಟಪಟ್ಟಿಯ ಬಕಲು ಸಿಕ್ಕರೂ ಅದರ ಹುಟ್ಟೂರು ಯಾವುದೆಂದು ಹೇಳಬೇಕಾದವನು ಅವನೇ ಆಗಿಬಿಟ್ಟಿದ್ದ. ಅವನು ಎಲ್ಲರಿಗೂ ಒಂದೇ ಊರು ಹೇಳುತ್ತಿದ್ದ. ಹೇಳಿ ಹೇಳಿ ಆ ಹೆಸರು ನಾಲಿಗೆಗೆ ಅಂಟಿಕೊಂಡು, ಈಗ ಯಾರೂ ಕೇಳದಿದ್ದರೂ, ಬಚ್ಚಲಲ್ಲಿ ಒಬ್ಬನೇ ನಿಂತಿದ್ದರೂ ತಾನಾಗಿ ಬರುತ್ತಿತ್ತು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಹುಟ್ಟೂರು ಮಲ್ಲಂದೂರು, ಅದರಲ್ಲಿ ಸಂಶಯವಿಲ್ಲ. ಅಚ್ಚು ಮಾತ್ರ ಸ್ವಲ್ಪ ಸವೆದಿದೆ ಅನ್ನಿಸಿತು.

ಶುರುವಾದದ್ದು ಚಿಕ್ಕಮಗಳೂರಿನ ಒಂದು ಮದುವೆ ಊಟದಲ್ಲಿ. ಪಕ್ಕದ ಎಲೆಯವರ ಕೋಟಿನ ಬೆಳ್ಳಿ ಗುಂಡಿ ನೂಲು ಬಿಟ್ಟು ಪಾಯಸದೊಳಗೆ ಬಿತ್ತು. ದಿಲೀಪ ಅದನ್ನು ತೆಗೆದು ತೊಳೆದು ಕೊಡುವಾಗ ಹಿಂಬದಿಯಲ್ಲಿ ಪುಟ್ಟದೊಂದು ಲಂಗರಿನ ಮುದ್ರೆ ಕಂಡ. ಹಿಂದಿನ ದಿನವಷ್ಟೇ ಹಲ್ಲಿನ ಡಾಕ್ಟರ ಹತ್ತಿರ ಸರದಿ ಕಾಯುತ್ತಾ ಫೋನಿನಲ್ಲಿ, ಅಲ್ಲಿಯ ಒಂದೊಂದು ಊರೂ ಬೆಳ್ಳಿಗೆ ಒತ್ತುವ ಅದೇ ಗುರುತಿನ ವಿಷಯ ನೋಡಿದ್ದ. 'ಇದು ಬರ್ಮಿಂಗ್‌ಹ್ಯಾಮಿನದು ಸಾರ್' ಅಂದ. ಅದು ನಿಜವೇ ಆಗಿತ್ತು. ಆ ಮನುಷ್ಯ ಪಾಯಸ ಬಿಟ್ಟು ಎದ್ದು ಅವನ ಕೈ ಕುಲುಕಿದರು. ಜೀವಮಾನದಲ್ಲಿ ದಿಲೀಪನ ಕೈಯನ್ನು ಯಾರೂ ಎಲೆಯಿಂದೆದ್ದು ಕುಲುಕಿದ್ದಿಲ್ಲ. ಅವನ ಕಾಫಿ ಎಲ್ಲರ ಕಾಫಿಯ ಹಾಗೆಯೇ ಇತ್ತು, ಅವನ ಮಾತನ್ನು ಬೆಳೆಗಾರರ ಸಭೆಯಲ್ಲಿ ಕೇಳಿಸಿಕೊಳ್ಳುವವರಿರಲಿಲ್ಲ. ಆಮೇಲೆ ಒಂದು ಭೂತಗನ್ನಡಿ ತಂದ, ಕಲಿತ. ನಿಜವಾಗಿಯೂ ಕಲಿತ. ನಡೆಯುವ ಸಿಂಹ ಇದ್ದರೆ ಚೊಕ್ಕ ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಒತ್ತಿದ ಅಚ್ಚು ಚೂಪಾಗಿರುತ್ತದೆ, ಉಗುರಿಗೆ ತಾಗುತ್ತದೆ. ಎರಕ ಹೊಯ್ದು ನಕಲು ಮಾಡಿದ್ದಾದರೆ ಅಂಚುಗಳು ನೀರಿನಲ್ಲಿ ನೆನೆದ ಸೋಪಿನ ಹಾಗೆ ಮೆತ್ತಗಾಗಿರುತ್ತವೆ. ಇಷ್ಟು ಕಲಿತ ಮೇಲೆ ಅವನಿಗೆ ಗೊತ್ತಾದದ್ದೇನೆಂದರೆ, ಜನ ತರುವ ಹತ್ತರಲ್ಲಿ ಎಂಟು ಇಲ್ಲಿಯವೇ. ಮಂಗಳೂರಿನವು, ಕೊಪ್ಪದವು, ಕಳಸದ ಯಾವನೋ ಅಕ್ಕಸಾಲಿ ಕೂತು ಸೀಮೆಯ ಗುಂಡಿ ನೋಡಿ ಮಾಡಿದವು. ಆದರೆ ಪ್ರತಿ ಮನೆಯಲ್ಲೂ ಕಥೆ ಒಂದೇ. ತೋಟದ ಬಿಳಿ ದೊರೆ ಸೀಮೆಗೆ ವಾಪಸು ಹೋಗುವಾಗ ನಮ್ಮ ಅಜ್ಜನ ಹೆಗಲು ತಟ್ಟಿ, ತನ್ನ ಅಂಗಿಯಿಂದಲೇ ಬಿಚ್ಚಿ ಕೊಟ್ಟದ್ದು. ಲೆಕ್ಕ ಹಾಕಿದರೆ ಈ ಜಿಲ್ಲೆಯ ದೊರೆಗಳೆಲ್ಲ ಗುಂಡಿಯಿಲ್ಲದ ಅಂಗಿಯಲ್ಲಿ ಎದೆ ಬಿಟ್ಟುಕೊಂಡು ಹಡಗು ಹತ್ತಿರಬೇಕು.

"ಮತ್ತೆ ಹೊರಟ್ರಾ ಬೆಳ್ಳಿ ಡಾಕ್ಟ್ರು?" ಅಂದಳು ಹೆಂಡತಿ ಮೇಘಶ್ರೀ, ಕಡುಬಿನ ತಟ್ಟೆ ಮುಂದೆ ತಳ್ಳುತ್ತಾ. "ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಒಣಗ್ತಾ ಇದೆ. ಅದಕ್ಕೂ ಒಂದು ಸಿಂಹ ಒತ್ತಿ ಬರ್ಮಿಂಗ್‌ಹ್ಯಾಮ್ ಅನ್ನಿ, ರೇಟಾದ್ರೂ ಬರುತ್ತೆ."

"ಚಿಕ್ಕಮ್ಮ ಕರೆದಿದ್ದಾರೆ. ಸಂಸೆಗೆ."

ಅವಳು ಇನ್ನೊಂದು ಕಡುಬು ಬಡಿಸಿದಳು. ಚಿಕ್ಕಮ್ಮ ಅಂದರೆ ವಿಮಲಮ್ಮ, ದಿಲೀಪನ ತಾಯಿಯ ತಂಗಿ. ಕಳಸದ ಹೈಸ್ಕೂಲಿಗೆ ಹೋಗುವ ವರ್ಷಗಳಲ್ಲಿ ಅವನು ಉಂಡದ್ದು ಅವಳ ಅಡಿಗೆಮನೆಯಲ್ಲಿ. ಬೇರೆಯವರಿಗೆ ಹೇಳುವ ತಮಾಷೆ ಅಲ್ಲಿಗೆ ಹೇಳುವಂತಿಲ್ಲ. "ನಿಜ ಹೇಳಿ ಬನ್ನಿ ಹಾಗಾದ್ರೆ," ಅಂದಳು ಮೇಘಶ್ರೀ. ನಿಜ ಅನ್ನುವುದು ಡಬ್ಬದಲ್ಲಿ ತುಂಬಿ ಕೊಟ್ಟು ಬರುವ ಉಪ್ಪಿನಕಾಯಿ ಅನ್ನುವ ಹಾಗೆ.

ಜೀಪು ಆಲ್ದೂರು ದಾಟುವಾಗ ಮೊನ್ನೆಯ ತುಂತುರಿಗೆ ರೊಬಸ್ಟಾ ಗಿಡಗಳು ಬೆಳ್ಳಗೆ ಅರಳಿ ನಿಂತಿದ್ದವು. ವಾಸನೆ ಎಷ್ಟು ಗಾಢವಾಗಿತ್ತೆಂದರೆ ದಿಲೀಪನಿಗೆ ಯಾರೋ ತನ್ನನ್ನು ಹೊಗಳುತ್ತಿದ್ದಾರೆ ಅನ್ನಿಸಿ ಸಂಕೋಚವಾಯಿತು. ಕಹಿಯಾದ ನಿಜ ಅವನು ಒಂದೇ ಸಲ ಹೇಳಿದ್ದ. ಮೂಡಿಗೆರೆಯ ಕುಮಾರ್ ತನ್ನ ಅಪ್ಪನ ಟೈ ಪಿನ್ನು ತಂದಿದ್ದ. ಕಾಯಿಲೆ ಬಿದ್ದ ಮುದುಕರು ಹಾಸಿಗೆಯಲ್ಲಿ ಬನಿಯನ್ನಿಗೆ ಅದನ್ನು ಚುಚ್ಚಿಕೊಂಡು ಮಲಗುತ್ತಿದ್ದರಂತೆ. ದಿಲೀಪ ಹೊಸದಾಗಿ ಕಲಿತ ಉತ್ಸಾಹದಲ್ಲಿ ನೋಡಿದ, ಉಜ್ಜಿದ. ಇದು ಬೆಳ್ಳಿಯೇ ಅಲ್ಲ, ಜರ್ಮನ್ ಸಿಲ್ವರ್, ಬೆಳ್ಳಿಯ ಹೆಸರಿಟ್ಟುಕೊಂಡ ಬೇರೇನೋ ಲೋಹ ಅಂದ. ಕುಮಾರ್ ಮನೆಗೆ ಹೋಗಿ ಹಾಗೇ ಹೇಳಿದ. ಮುದುಕರು ಪಿನ್ನು ಬಿಚ್ಚಿ ಸೊಸೆಯ ಕೈಗೆ ಕೊಟ್ಟು, ಚಮಚ ಇಡುವ ಕಡೆ ಇಡು ಅಂದರಂತೆ. ಆಮೇಲೆ ತೀರಿಕೊಂಡರು, ಅದು ಕಾಯಿಲೆಯಿಂದಲೇ, ಪಿನ್ನಿನಿಂದಲ್ಲ. ಆದರೂ ಆ ಚಮಚದ ಗೂಡು ದಿಲೀಪನ ತಲೆಯೊಳಗೆ ಎಲ್ಲೋ ತೆರೆದುಕೊಂಡೇ ಇತ್ತು, ಜೀಪು ಹಳ್ಳಕ್ಕೆ ಬಿದ್ದಾಗಲೆಲ್ಲ ಒಳಗೆ ಚಮಚಗಳು ಅಲುಗಾಡಿದ ಸದ್ದು. ಅಲ್ಲಿಂದೀಚೆಗೆ ಯಾರು ಏನು ತಂದರೂ ಬರ್ಮಿಂಗ್‌ಹ್ಯಾಮ್. ಲಂಗರು ಇಲ್ಲದಿದ್ದರೆ, ಸವೆದುಹೋಗಿದೆ, ಎಷ್ಟು ಹಳೇದು ನೋಡಿ, ಅನ್ನುತ್ತಿದ್ದ. ಜನ ಎದ್ದು ಕೈ ಕುಲುಕುತ್ತಿದ್ದರು.

ಸಂಸೆಯ ವಿಷಯ ಹೀಗೆ. ವಿಮಲಮ್ಮನ ಗಂಡ ಮತ್ತು ಅವರ ಅಣ್ಣ ಓಂಕಾರಮೂರ್ತಿ ಪಾಲಾದಾಗ ಪಂಚಾಯಿತಿಯವರು ಎಲ್ಲೂ ತಪ್ಪು ಬರಬಾರದೆಂದು ಪ್ರತಿಯೊಂದನ್ನೂ ಸಮ ಮಾಡಿದರು. ಜೋಡಿ ದೀಪ, ಆಚೆ ಒಂದು ಈಚೆ ಒಂದು. ಜೋಡಿ ಎತ್ತು, ಆಚೆ ಒಂದು ಈಚೆ ಒಂದು. ಎರಡು ಎತ್ತೂ ಆ ವರ್ಷ ನೊಗಕ್ಕೆ ಕತ್ತು ಕೊಡದೆ ಬೇಲಿಯ ಈಚೆಗೂ ಆಚೆಗೂ ನಿಂತು ಒಂದನ್ನೊಂದು ನೋಡುತ್ತಿದ್ದವು. ಕೊನೆಗೆ ಉಳಿದದ್ದು ಮದುಮಗ ಕೋಟಿನೊಳಗೆ ಅಂಗಿಯ ತೋಳಿಗೆ ಹಾಕುವ ಬೆಳ್ಳಿ ಗುಂಡಿ, ಪೇಟೆಯವರು ಕಫ್‌ಲಿಂಕ್ ಅನ್ನುವಂಥದು. ಅದೂ ಒಂದು ಜೋಡಿ. ಬಲದ್ದು ಅಣ್ಣನಿಗೆ, ಎಡದ್ದು ತಮ್ಮನಿಗೆ. ಅಂದಿನಿಂದ ಅಣ್ಣನದು ಮೇಲಿನ ಮನೆ, ತಮ್ಮನದು ಕೆಳಗಿನ ಮನೆ ಎಂದಾಗಿ ಮಾತು ನಿಂತಿತು. ಆದರೆ ಯಾವ ಮನೆಯಲ್ಲಿ ಮದುವೆಯಾದರೂ ಗಂಡು ಎರಡೂ ಗುಂಡಿ ಹಾಕಲೇಬೇಕು. ಹಾಗಾಗಿ ಇನ್ನೊಂದು ಮನೆಯ ಗುಂಡಿ ವೀಳ್ಯದೆಲೆಯ ತಟ್ಟೆಯಲ್ಲಿ ಆಳಿನ ಕೈಯಲ್ಲಿ ಬರುತ್ತಿತ್ತು, ಮದುವೆ ಮುಗಿದ ಮೇಲೆ ಅದೇ ತಟ್ಟೆಯಲ್ಲಿ ಹೋಗುತ್ತಿತ್ತು. ತಮ್ಮ ತೀರಿಕೊಂಡ ಮೇಲೂ ಅಷ್ಟೇ. ಈಗ ಓಂಕಾರಮೂರ್ತಿಯವರ ಮೊಮ್ಮಗ ಅರುಣನ ಮದುವೆ. ನಿಶ್ಚಿತಾರ್ಥದ ದಿನ ಹುಡುಗಿಯ ಸೋದರಮಾವ ಶಂಕರ ಅನ್ನುವವರು, ತಟ್ಟೆಯಲ್ಲಿ ಬಂದದ್ದೂ ಸೇರಿ, ಎರಡೂ ಗುಂಡಿ ಅಂಗೈಯಲ್ಲಿ ಹಾಕಿ ಅಲುಗಿಸಿದರು. ಅವರಿಗೆ ಚಿಕ್ಕಮಗಳೂರಿನಲ್ಲಿ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವವರ ಮೇಲುಸ್ತುವಾರಿ. ಕಪ್ಪು ಬೀಜ ಎತ್ತಿ ಆಚೆ ಹಾಕುವುದೇ ಕೆಲಸವಾದವರಿಗೆ ಸುಮ್ಮನೆ ನೋಡಲು ಬರುವುದಿಲ್ಲ. "ಇದರಲ್ಲಿ ಒಂದು ಡೂಪ್ಲಿಕೇಟು" ಅಂದುಬಿಟ್ಟರು. ಯಾವುದು ಅಂತ ಹೇಳಲಿಲ್ಲ, ಊಟಕ್ಕೆ ಎದ್ದರು. ಸಂಜೆಯೊಳಗೆ ಮೇಲಿನ ಮನೆಯವರು ತೀರ್ಮಾನಿಸಿದ್ದರು. ಗಂಡ ಸತ್ತ ಮೇಲೆ ಕೈಯಲ್ಲಿ ಕಾಸಿಲ್ಲದಾಗ ವಿಮಲಮ್ಮ ಅಸಲಿ ಮಾರಿ ನಕಲಿ ಮಾಡಿಸಿ ಇಟ್ಟಿದ್ದಾಳೆ.

"ನಾಲ್ಕು ಜನ ಕೇಳೋ ಹಾಗೆ ಅಂದಿದ್ದಾರೆ ಮಗ," ಅಂದಿದ್ದಳು ಚಿಕ್ಕಮ್ಮ ಫೋನಿನಲ್ಲಿ. "ಮನೆತನದ ಸೊತ್ತು ಕದ್ದವಳು ಅಂತ ಅನ್ನಿಸ್ಕೊಂಡು ನಾನು ಆ ಮದುವೆಗೆ ಹೋಗಲ್ಲ, ಈ ಊರಲ್ಲೂ ಇರಲ್ಲ. ನೀನು ಬಂದು ನೋಡಿ ಹೇಳು. ನಿನ್ನ ಮಾತಿಗೆ ಎಲ್ಲರೂ ಬೆಲೆ ಕೊಡ್ತಾರೆ."

ದಾರಿಯುದ್ದಕ್ಕೂ ಅವನು ಒಂದೇ ಮಾತು ಮಡಿಚಿ ಇಟ್ಟುಕೊಂಡಿದ್ದ. ಎರಡೂ ಬರ್ಮಿಂಗ್‌ಹ್ಯಾಮ್. ಶಂಕರ ಅವರ ಕಣ್ಣು ಕಾಫಿಗೆ ಸರಿ, ಬೆಳ್ಳಿಗಲ್ಲ. ಮುಗಿಯಿತು, ಊಟ, ವಾಪಸು.

ಮೇಲಿನ ಮನೆಯ ಜಗಲಿಯಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿದ್ದರು. ಒಂದರಲ್ಲಿ ಓಂಕಾರಮೂರ್ತಿ, ಇನ್ನೊಂದರಲ್ಲಿ ವಿಮಲಮ್ಮ. ಪಾಲಾದ ಮೇಲೆ ಅವಳು ಆ ಜಗಲಿ ಹತ್ತಿದ್ದು ಇದೇ ಮೊದಲು. ಸೀರೆಯ ಸೆರಗು ಹೊದ್ದು, ಮೊಣಕಾಲು ಒತ್ತಿ ಇಟ್ಟುಕೊಂಡು, ಬಸ್ಸಿನಲ್ಲಿ ಗುರುತಿಲ್ಲದವರ ಪಕ್ಕ ಕೂತ ಹಾಗೆ ಕೂತಿದ್ದಳು. ಇಬ್ಬರೂ ಮಾತಾಡುತ್ತಿದ್ದದ್ದು ದಿಲೀಪನ ಜೊತೆಗೆ.

"ನಿನ್ನ ಚಿಕ್ಕಮ್ಮನಿಗೆ ಕಾಫಿ ಬೇಕಾ ಕೇಳು."

"ಬೇಡ ಅಂತ ನಿನ್ನ ದೊಡ್ಡಪ್ಪನಿಗೆ ಹೇಳು ಮಗ. ಮನೇಲಿ ಕುಡಿದೇ ಬಂದಿದೀನಿ."

ಕಾಫಿ ಬಂತು, ಅವಳು ಕುಡಿದಳು. ಓಂಕಾರಮೂರ್ತಿಯವರ ಸೊಸೆ ಪ್ರೇಮಕುಮಾರಿ ಒಂದು ಬಿಳೀ ಟವೆಲು ಹಾಸಿದಳು. ಗುಂಡಿಗಳನ್ನು ಅದರ ಮೇಲೆ ಇಟ್ಟರು, ಮೇಲಿನ ಮನೆಯದು ಬಲಕ್ಕೆ, ಕೆಳಗಿನ ಮನೆಯದು ಎಡಕ್ಕೆ. ದಿಲೀಪ ಭೂತಗನ್ನಡಿ ತೆಗೆಯುವ ಮೊದಲೇ ಓಂಕಾರಮೂರ್ತಿ ತಮ್ಮದನ್ನು ತೋರಿಸಿದರು. "ಈ ಅಂಚಲ್ಲಿ ತಗ್ಗು ಇದೆ ನೋಡು. ಅದು ನನ್ನ ಹಲ್ಲು. ಹಲ್ಲು ಹುಟ್ಟೋ ಹೊತ್ತಲ್ಲಿ ಕಚ್ಚಿದ್ದಂತೆ ನಾನು. ಅಮ್ಮ ಹೇಳ್ತಿದ್ರು. ಅಸಲಿ ಅನ್ನೋಕೆ ಇನ್ನೆಂಥ ಬೇಕು?"

ದಿಲೀಪ ಎಡಗಡೆಯದನ್ನು ಎತ್ತಿದ. ಅದರ ಅಂಚಿನಲ್ಲೂ, ಅದೇ ಜಾಗದಲ್ಲಿ, ಅದೇ ವಾರೆಯಲ್ಲಿ, ಅದೇ ತಗ್ಗು ಇತ್ತು.

"ಅದು ನಿನ್ನ ಚಿಕ್ಕಪ್ಪನ ಹಲ್ಲು," ಅಂದಳು ವಿಮಲಮ್ಮ, ತಟ್ಟನೆ.

ಅವನು ಗಾಜನ್ನು ಕಣ್ಣಿಗೆ ಹಚ್ಚಿ ತುಂಬ ಹೊತ್ತು ತಲೆ ಎತ್ತಲಿಲ್ಲ. ಬಲದ ಗುಂಡಿಯ ಹಿಂದೆ ಲಂಗರು ಇತ್ತು, ಸಿಂಹ ಇತ್ತು. ಆದರೆ ಸಿಂಹದ ಕೇಸರ ಕರಗಿ ಅದು ಅಂಗಳದ ನಾಯಿಯ ಹಾಗೆ ನಿಂತಿತ್ತು. ಎಡದ ಗುಂಡಿಯಲ್ಲಿ ಆ ನಾಯಿಯೂ ಊದಿ, ಕಾಲು ಗಿಡ್ಡವಾಗಿ, ಹಂದಿಮರಿಯಾಗಿತ್ತು. ಗುಂಡಿಯ ಎರಡು ಬಿಲ್ಲೆ ಸೇರಿಸುವ ಪುಟ್ಟ ಸರಪಳಿ ಎರಡರಲ್ಲೂ ಮಕ್ಕಳ ಉಡಿದಾರದ ಹೆಣಿಗೆ. ಯಾವ ಸೀಮೆಯವನೂ ಹಾಗೆ ಹೆಣೆಯುವುದಿಲ್ಲ. ನಡೆದದ್ದು ಅವನ ಕಣ್ಣ ಮುಂದೆ ಸರಾಗವಾಗಿ ನಡೆಯಿತು. ಯಾವುದೋ ಕಾಲದಲ್ಲಿ ಮೇಲಿನ ಮನೆಯವರು ತಮ್ಮದನ್ನು ಕಳೆದುಕೊಂಡರು, ಅಥವಾ ಮಾರಿಕೊಂಡರು. ಮದುವೆಗೆಂದು ಕೆಳಗಿನಿಂದ ಬಂದ ಅಸಲಿಯನ್ನು ವಾಪಸು ಕಳಿಸುವ ಮೊದಲು ಅಕ್ಕಸಾಲಿಯ ಕೈಗೆ ಕೊಟ್ಟು ಎರಕ ತೆಗೆಸಿದರು. ಹಲ್ಲಿನ ತಗ್ಗೂ ಎರಕಕ್ಕೆ ಬಂತು. ಸಿಂಹ ನಾಯಿಯಾಯಿತು. ಆಮೇಲೊಂದು ಕಾಲದಲ್ಲಿ ಕೆಳಗಿನ ಮನೆಯಲ್ಲಿ ಅಸಲಿ ಹೋಯಿತು. ಅವರೂ ಮದುವೆಗೆ ಬಂದ ನಾಯಿಯಿಂದ ಹಂದಿ ತೆಗೆಸಿದರು. ಇಷ್ಟು ವರ್ಷ ವೀಳ್ಯದೆಲೆಯ ಮೇಲೆ ಕೂತು, ಮಾತಿಲ್ಲದ ಎರಡು ಮನೆಗಳ ನಡುವೆ ಗಂಭೀರವಾಗಿ ಹೋಗಿ ಬಂದು ಮಾಡುತ್ತಿದ್ದದ್ದು ಒಂದು ನಾಯಿ ಮತ್ತು ಒಂದು ಹಂದಿಮರಿ. ನಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಅದನ್ನು ಕೆಮ್ಮು ಮಾಡಿದ.

"ಎರಡೂ ಬರ್ಮಿಂಗ್‌ಹ್ಯಾಮ್," ಅಂದ.

"ಅದು ಆಗಲ್ಲ," ಅಂದರು ಓಂಕಾರಮೂರ್ತಿ. "ಒಂದು ಡೂಪ್ಲಿಕೇಟ್ ಅಂತ ಬೀಗರ ಕಡೆಯವರು ಹೇಳಿ ಆಗಿದೆ. ನೀನು ಎರಡೂ ಸರಿ ಅಂದ್ರೆ ಅವರು ಸುಳ್ಳು ಹೇಳಿದ ಹಾಗೆ. ಮದುವೆಗೆ ಮುಂಚೆ ಬೀಗರನ್ನ ಸುಳ್ಳರು ಮಾಡೋಕೆ ಆಗುತ್ತಾ? ಒಂದು ನಕಲಿ ಇರಲೇಬೇಕು. ಯಾವುದು ಹೇಳು."

"ಹೇಳು ಮಗ," ಅಂದಳು ಚಿಕ್ಕಮ್ಮ. "ದಾಕ್ಷಿಣ್ಯ ಬೇಡ."

ಅವಳು ಅಂದದ್ದು ಗಟ್ಟಿಯಾಗಿಯೇ. ಆದರೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಅದು ಖಾಲಿಯಾಗಿ ತುಂಬ ಹೊತ್ತಾಗಿತ್ತು. ಇದೇ ಕೈ ಬೆಳಿಗ್ಗೆ ಕಳಸದ ಬಸ್ಸು ಹಾರ್ನು ಹೊಡೆಯುವಾಗ ಅವನ ಬಾಯಿಗೆ ಕೊನೆಯ ತುತ್ತು ತುರುಕಿ ಓಡಿಸುತ್ತಿತ್ತು. ಎಡಗಡೆಯದು ನಕಲಿ ಅಂದರೆ ನಿಜ, ಚಿಕ್ಕಮ್ಮ ಕಳ್ಳಿ. ಬಲಗಡೆಯದು ನಕಲಿ ಅಂದರೂ ನಿಜ, ಆದರೆ ಅಕ್ಕನ ಮಗ ಚಿಕ್ಕಮ್ಮನ ಪರ ಹೇಳಿದ ಅಂದಾರು, ಅವಳ ಮೇಲಿನ ಮಾತು ಇನ್ನೂ ಗಟ್ಟಿಯಾದೀತು. ಸುಳ್ಳಿಗೆ ಜಾಗವೇ ಬಿಟ್ಟಿರಲಿಲ್ಲ. ನಿಜದಲ್ಲೂ ಅರ್ಧ ಹೇಳಿದರೆ ಒಬ್ಬರ ಮನೆ ಹಾಳು. ಉಳಿದದ್ದು ಪೂರ್ತಿ ನಿಜ ಒಂದೇ. ಅದನ್ನು ಬಳಸಿ ಅಭ್ಯಾಸವಿಲ್ಲದ್ದರಿಂದ ಬಾಯಲ್ಲಿ ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ.

"ಎರಡೂ ನಕಲಿ," ಅಂದ. "ಎರಡೂ ಇಲ್ಲೇ ಮಾಡಿದ್ದು, ಕಳಸದ್ದೇ ಇರಬೇಕು. ಒಂದರಿಂದ ಒಂದು ಎರಕ ತೆಗೆದಿದ್ದಾರೆ. ಅದಕ್ಕೇ ಹಲ್ಲಿನ ಗುರುತು ಒಂದೇ ಕಡೆ ಬಂದಿದೆ."

ಕಣದಲ್ಲಿ ಕಾಫಿ ಹರಡುವವನ ಕುಂಟೆ ಕರಕರ ಅಂದಿತು. ಆ ಹೊತ್ತಿನಲ್ಲಿ ದಿಲೀಪ ಒಂದನ್ನು ಕಂಡ. ಓಂಕಾರಮೂರ್ತಿ ತಮ್ಮ ಗುಂಡಿಯ ಕಡೆ ನೋಡಲಿಲ್ಲ, ವಿಮಲಮ್ಮನ ಗುಂಡಿ ನೋಡಿದರು. ವಿಮಲಮ್ಮ ತನ್ನದನ್ನು ನೋಡಲಿಲ್ಲ, ಅವರದನ್ನು ನೋಡಿದಳು. ಇಬ್ಬರ ಮುಖದಲ್ಲೂ ಬೆರಗು ಇತ್ತು, ತಮ್ಮದು ನಕಲಿ ಅನ್ನುವುದಕ್ಕಲ್ಲ, ಎದುರಿನವರದೂ ನಕಲಿ ಅನ್ನುವುದಕ್ಕೆ. ಆಮೇಲೆ ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು.

"ಇವನಿಗೆ ಎಂಥ ಗೊತ್ತು?" ಅಂದರು ಓಂಕಾರಮೂರ್ತಿ. ಕೇಳಿದ್ದು ನೇರ ವಿಮಲಮ್ಮನನ್ನು.

"ಅದೇ ಭಾವ," ಅಂದಳು ಅವಳು. "ಚಿಕ್ಕವನಿದ್ದಾಗ ಇವನಿಗೆ ಮೊಸರು ಯಾವುದು ಮಜ್ಜಿಗೆ ಯಾವುದು ಗೊತ್ತಾಗ್ತಿರಲಿಲ್ಲ."

"ಅಣ್ಣತಮ್ಮಂದಿರ ಹಲ್ಲು ಒಂದೇ ಥರ ಇರಲ್ವ ವಿಮಲ? ಒಂದೇ ಹೊಟ್ಟೇಲಿ ಹುಟ್ಟಿದೋರು."

"ಇರದೆ ಮತ್ತೆ. ನಮ್ಮ ಯಜಮಾನ್ರೂ ನೀವೂ ನಕ್ಕರೆ ಒಂದೇ ಥರ ಕಾಣ್ತಿತ್ತು."

"ಫೋನ್ ನೋಡಿ ಕಲಿತದ್ದು. ದಾರೀಲಿ ಹೋಗೋರಿಗೆಲ್ಲ ಬರ್ಮಿಂಗ್‌ಹ್ಯಾಮ್ ಅಂತಾನೆ ಮಾರಾಯ್ತಿ. ಸ್ವಂತ ಮನೆಯೋರಿಗೆ ಕಳಸ."

"ಆ ಶಂಕರ ಅವರೂ ಅಷ್ಟೇ ಭಾವ. ಬೀಜ ಆರಿಸೋರಿಗೆ ಎಲ್ಲದರಲ್ಲೂ ಹುಳುಕೇ ಕಾಣೋದು. ಪಾಪ, ಅವರ ತಪ್ಪಲ್ಲ."

ಓಂಕಾರಮೂರ್ತಿ ತಲೆದೂಗಿದರು. ಪ್ರೇಮಕುಮಾರಿ ಅತ್ತಿಂದಿತ್ತ ನೋಡಿ, ಏನೋ ಅರ್ಥವಾದವಳ ಹಾಗೆ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದಳು. ವಿಮಲಮ್ಮ ಈ ಸಲ ಬೇಡ ಅನ್ನಲಿಲ್ಲ. ದಿಲೀಪ ಭೂತಗನ್ನಡಿಯನ್ನು ಜೇಬಿಗೆ ಹಾಕಿದ. ಈ ಸುದ್ದಿ ಇವತ್ತೇ ಕಳಸದ ಬಸ್‌ಸ್ಟ್ಯಾಂಡಿಗೆ ಹೋಗುತ್ತದೆ, ನಾಳೆ ಬಾಳೆಹೊನ್ನೂರಿಗೆ, ವಾರದಲ್ಲಿ ಚಿಕ್ಕಮಗಳೂರಿಗೆ. ಇನ್ನು ಯಾರೂ ಎಲೆಯಿಂದೆದ್ದು ಕೈ ಕುಲುಕುವುದಿಲ್ಲ. ಜೀವಮಾನದಲ್ಲಿ ಅವನು ಅತ್ಯಂತ ಸರಿಯಾಗಿ ನೋಡಿ ಹೇಳಿದ್ದು ಇದೊಂದೇ, ಅದಕ್ಕೇ ಅವನಿಗೆ ಏನೂ ಗೊತ್ತಿಲ್ಲವೆಂದು ಸಾಬೀತಾಗಿತ್ತು. ಅವಮಾನ ಹೊಟ್ಟೆಯಲ್ಲಿ ಕುಳಿತಿತ್ತು, ಆದರೆ ಹಸಿವೂ ಅಲ್ಲೇ ಇತ್ತು. ಎರಡಕ್ಕೂ ಅಲ್ಲಿ ಜಾಗ ಇದ್ದದ್ದು ಅವನಿಗೆ ವಿಚಿತ್ರ ಕಂಡಿತು.

ಊಟಕ್ಕೆ ಅವನನ್ನು ಕೊನೆಯಲ್ಲಿ ಕೂರಿಸಿದರು. ವಿಮಲಮ್ಮ ಆ ಮನೆಯ ಅಡಿಗೆಮನೆಗೆ ಹೋಗಿ, ಇವತ್ತಿನವರೆಗೂ ಅಲ್ಲೇ ಇದ್ದವಳ ಹಾಗೆ ಕಪಾಟು ತೆರೆದು ತುಪ್ಪ ಹುಡುಕಿದಳು. ಅವನ ಎಲೆಯ ಮುಂದೆ ಬಗ್ಗಿ, ತುಪ್ಪವನ್ನು ಅನ್ನ ಕಾಣದಷ್ಟು ಹಾಕಿದಳು. ಅಷ್ಟರಲ್ಲಿ ಅರುಣ ಮದುವೆಯ ಅಂಗಿ ಹಾಕಿ ಬಂದ. ಎರಡೂ ತೋಳಿಗೆ ಗುಂಡಿ ಸಿಕ್ಕಿಸಿ ಮುದುಕರಿಬ್ಬರ ಮುಂದೆ ಕೈ ಚಾಚಿ ನಿಂತ, ಹಿಂದೆ ಮುಂದೆ ತಿರುಗಿದ. ಚೆನ್ನಾಗಿದೆ, ಜೋಡಿ ಅಂದರೆ ಜೋಡಿ, ಅಂದರು. ಅವನು ಬಿಚ್ಚಿ ಎರಡನ್ನೂ ಒಂದೇ ಕುಂಕುಮದ ಡಬ್ಬಿಯಲ್ಲಿ ಹಾಕಿ ಮುಚ್ಚಿದ.

ದಿಲೀಪ ಜೀಪಿನ ಹತ್ತಿರ ಬಂದಾಗ ಓಂಕಾರಮೂರ್ತಿ ಹಿಂದೆಯೇ ಬಂದರು. ವಿಮಲಮ್ಮನೂ ಬಂದಳು. ಡಬ್ಬಿ ಅವಳ ಕೈಯಲ್ಲಿತ್ತು. ಇಬ್ಬರೂ ಸ್ವಲ್ಪ ಹೊತ್ತು ಟೈರು ನೋಡಿದರು.

"ದಿಲೀಪ," ಅಂದರು ಓಂಕಾರಮೂರ್ತಿ, ಕಣದಲ್ಲಿದ್ದ ಆಳಿಗೆ ಕೇಳಿಸದ ಹಾಗೆ. "ಹುಡುಗ ಎರಡನ್ನೂ ಬೆರೆಸಿಬಿಟ್ಟ. ಇದರಲ್ಲಿ ನಮ್ಮದು ಯಾವುದು, ನಿನ್ನ ಚಿಕ್ಕಮ್ಮನದು ಯಾವುದು, ಒಂಚೂರು ನೋಡಿ ಹೇಳು. ನಿನಗೆ ಗೊತ್ತಾಗುತ್ತೆ."

"ನಮಗೆ ತಿಳೀತಿಲ್ಲ ಮಗ," ಅಂದಳು ಚಿಕ್ಕಮ್ಮ.

ಅವನು ಡಬ್ಬಿ ತೆಗೆದುಕೊಂಡ. ಗಾಜು ಬೇಕಾಗಿರಲಿಲ್ಲ. ಬಿಸಿಲಿಗೆ ಹಿಡಿದರೆ ಸಾಕಿತ್ತು. ನಾಯಿ ಒಂದು ಮಗ್ಗುಲಾಗಿ ಬಿದ್ದಿತ್ತು, ಹಂದಿಮರಿ ಅದರ ಮೇಲೆ. ಹೆಸರು ಹಿಡಿದು ಕರೆಯುವಷ್ಟು ಗುರುತಿತ್ತು ಅವನಿಗೆ. ಬೆರಳಿಟ್ಟು ತೋರಿಸಿದರೆ ಇವರದು ಇವರಿಗೆ, ಅವರದು ಅವರಿಗೆ. ಇವತ್ತು ಮತ್ತೆ ಆಳಿನ ಕೈಯ ತಟ್ಟೆ, ನಾಳೆ ಚುಚ್ಚುಮಾತು, ನಾಡಿದ್ದು ಇನ್ಯಾವನೋ ಕಣ್ಣು ಚೂಪಿನವನು ಬಂದು ಇದರಲ್ಲಿ ಒಂದು ಡೂಪ್ಲಿಕೇಟು ಅಂದಾನು. ದಿಲೀಪ ಗುಂಡಿಗಳನ್ನು ತಿರುಗಿಸಿದ, ಉಜ್ಜಿದ, ಹುಬ್ಬು ಗಂಟಿಕ್ಕಿದ. ಆಮೇಲೆ, ಬೆಳ್ಳಿಯ ವಿಷಯದಲ್ಲಿ ತಾನು ಇದುವರೆಗೆ ಒಬ್ಬರಿಗೂ ಹೇಳದ ಮಾತು ಹೇಳಿದ.

"ಗೊತ್ತಾಗ್ತಾ ಇಲ್ಲ, ದೊಡ್ಡಪ್ಪ."

ಡಬ್ಬಿಯನ್ನು ಇಬ್ಬರ ನಡುವೆ ಚಾಚಿದ. ಇಬ್ಬರೂ ಒಟ್ಟಿಗೆ ಕೈ ಹಾಕಿದರು, ಒಟ್ಟಿಗೇ ಹಿಂದಕ್ಕೆ ತೆಗೆದರು. ಕೊನೆಗೆ ಓಂಕಾರಮೂರ್ತಿ ಹಿಡಿದುಕೊಂಡರು, ವಿಮಲಮ್ಮ ಮುಚ್ಚಳ ಇಟ್ಟುಕೊಂಡಳು. "ಇವತ್ತಿಗೆ ಇಲ್ಲೇ ಇರಲಿ," ಅನ್ನುತ್ತಿದ್ದಳು. "ನಿಮ್ಮ ಬೀರುವಿನ ಬೀಗ ಸರಿ ಇದೆಯಾ?" "ಇಲ್ಲ ಮಾರಾಯ್ತಿ, ನಿನ್ನ ಹತ್ರ ಇರಲಿ." "ನಮ್ಮನೇಲಿ ಇಲಿ." ಜೀಪು ಗೇಟು ದಾಟುವಾಗ ದಿಲೀಪ ಕನ್ನಡಿಯಲ್ಲಿ ನೋಡಿದ. ಅವರಿನ್ನೂ ಅಲ್ಲೇ ನಿಂತಿದ್ದರು. ಓಂಕಾರಮೂರ್ತಿ ಕನ್ನಡಕ ಹಾಕಿಕೊಂಡು ಡಬ್ಬಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಕನ್ನಡಕ ಬಿಚ್ಚಿ, ಧೋತರದ ತುದಿಯಿಂದ ಒರೆಸಿ, ವಿಮಲಮ್ಮನಿಗೆ ಕೊಟ್ಟರು. ಅವಳು ಹಾಕಿಕೊಂಡಳು, ಬಗ್ಗಿದಳು, ತಲೆಯಾಡಿಸಿ ವಾಪಸು ಕೊಟ್ಟಳು. ತಿರುವಿನಲ್ಲಿ ಮರೆಯಾಗುವವರೆಗೂ ಒಂದೇ ಕನ್ನಡಕ ಆಚೆಗೂ ಈಚೆಗೂ ಹೋಗಿ ಬರುತ್ತಿತ್ತು.